ಜಾವಾದ ಕೆರಿಸ್ ಕೊಳ್ಳುವ ಮುನ್ನ: ಅಲಗನ್ನು ನೋಡುವ ಬಗೆ

ಪ್ರಶ್ನೆ: ಮುಂದಿನ ತಿಂಗಳು ಎರಡು ವಾರ ಜಾವಾಕ್ಕೆ ಹೋಗುತ್ತಿದ್ದೇನೆ. ಯೋಗ್ಯಕರ್ತಾದಿಂದ ಹಳೆಯ ಕೆರಿಸ್ (ಜಾವಾದ ಸಾಂಪ್ರದಾಯಿಕ ಕಠಾರಿ) ಒಂದನ್ನು ತರಬೇಕೆಂಬ ಆಸೆ. ಆನ್‌ಲೈನ್‌ನಲ್ಲಿ ಮಾರುವವರೊಬ್ಬರು ಫೋಟೊ ಕಳಿಸಿ, ‘ಮಜಪಹಿತ್ ಕಾಲದ್ದು, 13 ಬಾಗು, ಉಲ್ಕೆಯ ಕಬ್ಬಿಣ, ಚಿನ್ನದ ಕೆಲಸ’ ಎಂದಿದ್ದಾರೆ. ನಂಬಬಹುದೇ? ಮೊದಲ ಸಲ ಕೊಳ್ಳುವವರು ಏನೇನು ನೋಡಬೇಕು? ಬೆಂಗಳೂರಿಗೆ ತರಲು ತೊಂದರೆ ಇದೆಯೇ? ತಂದ ಮೇಲೆ ತುಕ್ಕು ಹಿಡಿಯದ ಹಾಗೆ ಇಟ್ಟುಕೊಳ್ಳುವುದು ಹೇಗೆ?

ಉತ್ತರ:

ತರುವ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಯಾವ ಬಗೆಯ ಕೆರಿಸ್ ಕೊಳ್ಳಬೇಕು ಎಂಬುದು ಅದರ ಮೇಲೇ ನಿಂತಿದೆ.

ಇಂಡೋನೇಷ್ಯಾದಲ್ಲಿ 2010ರ 11ನೇ ಕಾಯ್ದೆ ಸಾಂಸ್ಕೃತಿಕ ಪರಂಪರೆಗೆ ಸಂಬಂಧಿಸಿದ್ದು. 50 ವರ್ಷ ಅಥವಾ ಅದಕ್ಕಿಂತ ಹಳೆಯದಾದ, ಇತಿಹಾಸದ ದೃಷ್ಟಿಯಿಂದ ಮಹತ್ವವಿರುವ ವಸ್ತುಗಳು ಅದರ ವ್ಯಾಪ್ತಿಗೆ ಬರಬಹುದು. ಹಾಗೆ ಬಂದದ್ದನ್ನು ಸಂಶೋಧನೆ, ಸಂಸ್ಕೃತಿ ಪ್ರಚಾರ, ಪ್ರದರ್ಶನ ಇವುಗಳಿಗಲ್ಲದೆ ದೇಶದಾಚೆ ಒಯ್ಯುವಂತಿಲ್ಲ. ಮಜಪಹಿತ್ ರಾಜ್ಯ ಹುಟ್ಟಿದ್ದು 1293ರಲ್ಲಿ, ಅಳಿದದ್ದು 16ನೇ ಶತಮಾನದ ಮೊದಲ ಭಾಗದಲ್ಲಿ. ಮಾರುವವರು ಹೇಳಿದ್ದು ನಿಜವಾಗಿದ್ದರೆ ಆ ಅಲಗನ್ನು ನೀವು ಸುಮ್ಮನೆ ಪೆಟ್ಟಿಗೆಗೆ ಹಾಕಿಕೊಂಡು ಬರುವಂತಿಲ್ಲ. ಸುಳ್ಳಾಗಿದ್ದರೆ ಇಲ್ಲದ ವಯಸ್ಸಿಗೆ ದುಡ್ಡು ಕೊಟ್ಟಂತಾಗುತ್ತದೆ. ಎರಡರಲ್ಲಿ ಯಾವುದೇ ಆದರೂ ನಷ್ಟ ನಿಮ್ಮದೇ. ಹಳೆಯದನ್ನೇ ಕೊಳ್ಳುವುದಾದರೆ, ‘ಇದು ಪರಂಪರೆಯ ವಸ್ತುವಲ್ಲ’ ಎಂಬ ಪತ್ರವನ್ನು ಅಲ್ಲಿನ ಪರಂಪರೆ ಸಂರಕ್ಷಣಾ ಕಚೇರಿಯಿಂದ ಪಡೆದ ಮೇಲೆ ಪೂರ್ತಿ ಹಣ ಕೊಡಿ. ನೇರವಾಗಿ ವ್ಯವಹರಿಸುವ ವ್ಯಾಪಾರಿ ಈ ಷರತ್ತಿಗೆ ಒಪ್ಪುತ್ತಾನೆ.

ಇನ್ನು ನಮ್ಮ ಕಡೆಯದು. 1959ರ ಆಯುಧ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಆಯುಧಗಳನ್ನು ಭಾರತದೊಳಗೆ ತರಲು ಪರವಾನಗಿ ಬೇಕು. 2016ರ ಆಯುಧ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಕಠಾರಿ, ಕತ್ತಿಗಳನ್ನು ಆಯುಧಗಳ ಪಟ್ಟಿಯಲ್ಲಿ ಇಟ್ಟಿವೆ. ಜಾವಾದ ಕೆರಿಸ್‌ನ ಅಲಗು ಸಾಮಾನ್ಯವಾಗಿ 33ರಿಂದ 38 ಸೆಂಟಿಮೀಟರ್, ಅಂದರೆ 13ರಿಂದ 15 ಇಂಚು. ಹೆಂಗಸರು ಧರಿಸುತ್ತಿದ್ದ ‘ಪತ್ರೆಮ್’ ಎಂಬ ಚಿಕ್ಕ ಕೆರಿಸ್ ಉದ್ದದಲ್ಲಿ ಪಾರಾದರೂ ಬುಡದ ಅಗಲದಲ್ಲಿ ಸಿಕ್ಕಿಬೀಳಬಹುದು. ಆದ್ದರಿಂದ ಹೊರಡುವ ಮೊದಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಗೂ ನಿಮ್ಮ ಜಿಲ್ಲೆಯ ಪರವಾನಗಿ ಪ್ರಾಧಿಕಾರಕ್ಕೂ ಬರೆದು, ಲಿಖಿತ ಉತ್ತರ ಪಡೆದುಕೊಳ್ಳಿ. ‘ಅಲಂಕಾರದ ವಸ್ತು’ ಎಂದು ಬರೆದ ರಸೀದಿ ತೋರಿಸಿದರೆ ಸಾಕು ಎಂದು ಅಂಗಡಿಯವರು ಹೇಳಿದರೆ ಆ ಮಾತನ್ನು ನಂಬಿ ಕೂರಬೇಡಿ. ಕೈಚೀಲದಲ್ಲಂತೂ ಇಡಲೇಬೇಡಿ, ಅಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಹಿಡಿಯ ವಿಚಾರದಲ್ಲಿ ಇನ್ನೊಂದು ಎಚ್ಚರ. ಆನೆದಂತ, ಕಡಲಹಸುವಿನ ಹಲ್ಲು, ಕಡಲಾಮೆಯ ಚಿಪ್ಪು ಇವುಗಳ ಕೆಲಸವಿರುವ ಹಿಡಿ ಅಥವಾ ಒರೆ ಎಷ್ಟೇ ಹಳೆಯದಾಗಿರಲಿ, ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆ ಮತ್ತು ಅಂತರರಾಷ್ಟ್ರೀಯ ಒಪ್ಪಂದ ಎರಡೂ ಅಡ್ಡ ಬರುತ್ತವೆ.

ಇಷ್ಟೆಲ್ಲ ಯೋಚಿಸಿದರೆ ಮೊದಲ ಸಲ ಕೊಳ್ಳುವವರಿಗೆ ನನ್ನ ಸ್ಪಷ್ಟ ಸಲಹೆ ‘ಕಮರ್ದಿಕಾನ್’. 1945ರ ಸ್ವಾತಂತ್ರ್ಯದ ನಂತರ ತಯಾರಾದ ಕೆರಿಸ್‌ಗೆ ಈ ಹೆಸರು. ಕೆರಿಸ್ ಬಡಿಯುವ ಕಮ್ಮಾರನನ್ನು ‘ಎಂಪು’ ಎನ್ನುತ್ತಾರೆ. 20ನೇ ಶತಮಾನದ ನಡುವಿಗೆ ಎಂಪುಗಳ ಕುಲುಮೆಗಳು ಹೆಚ್ಚುಕಡಿಮೆ ಆರಿಹೋಗಿದ್ದವು. 1970ರ ದಶಕದಲ್ಲಿ ಜರ್ಮನಿಯ ಡೀಟ್ರಿಖ್ ಡ್ರೆಷರ್ ಒತ್ತಾಸೆಯಾಗಿ ನಿಂತದ್ದರಿಂದ ಯೋಗ್ಯಕರ್ತಾದ ಪಶ್ಚಿಮಕ್ಕೆ ಒಂದು ಎಂಪು ಮನೆತನ ಮತ್ತೆ ತಿದಿ ಒತ್ತಿತು. ಆ ಮನೆತನದ ಎಂಪು ಜೆನೋ ಹರುಂಬ್ರೊಜೊ 2006ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡಿದರು. ಇಂದು ಸೋಲೋ ನಗರದ (ಸುರಕರ್ತಾ ಎಂಬುದೂ ಇದರದೇ ಹೆಸರು) ಕಲಾ ಸಂಸ್ಥೆಯಲ್ಲಿ ಕೆರಿಸ್ ವಿದ್ಯೆಗೇ ಮೀಸಲಾದ ಪದವಿ ವಿಭಾಗ ಇದೆ. ಮದುರಾ ದ್ವೀಪದ ಸುಮೆನೆಪ್ ಜಿಲ್ಲೆಯ ಆಎಂಗ್ ತೊಂಗ್-ತೊಂಗ್ ಊರಿನಲ್ಲಿ ಮನೆಮನೆಯಲ್ಲೂ ಅಲಗಿನ ಕೆಲಸ ನಡೆಯುತ್ತದೆ. 2005ರಲ್ಲಿ ಯುನೆಸ್ಕೊ ಕೆರಿಸ್ಸನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿ ಎಂದು ಸಾರಿತು. ಅದು ಗೌರವಿಸಿದ್ದು ಇನ್ನೂ ಉಸಿರಾಡುತ್ತಿರುವ ಈ ವಿದ್ಯೆಯನ್ನು. ಬಡಿದವರು ಯಾರು, ಯಾವ ವರ್ಷ, ಯಾವ ಕಬ್ಬಿಣ ಎಂದು ಗೊತ್ತಿರುವ ಒಳ್ಳೆಯ ಹೊಸ ಅಲಗು, ಗುರುತಿಲ್ಲದ ಸವೆದ ಹಳೆಯ ಅಲಗಿಗಿಂತ ಕಡಿಮೆಯದಲ್ಲ.

ಅಂಗಗಳ ಹೆಸರು ಕಲಿತಿರಿ

ಅಂಗಡಿಯಲ್ಲಿ ಮಾತು ನಡೆಯುವುದು ಈ ಹೆಸರುಗಳಲ್ಲೇ. ಅಲಗು ‘ವಿಲಹ್’. ಅದರ ಬುಡಕ್ಕೆ ಅಡ್ಡವಾಗಿ ಕೂರುವ ಪ್ರತ್ಯೇಕ ಕಬ್ಬಿಣದ ತುಂಡು ‘ಗೊಂಜೊ’. ಅಲಗಿನಿಂದ ಕೆಳಗಿಳಿದು ಗೊಂಜೊವನ್ನು ತೂರಿ ಹಿಡಿಯೊಳಗೆ ಸೇರುವ ದುಂಡನೆಯ ಕಡ್ಡಿ ‘ಪೆಸಿ’, ಸುಮಾರು 6-7 ಸೆಂಟಿಮೀಟರ್ ಉದ್ದ. ಹಿಡಿಗೂ ಗೊಂಜೊಗೂ ನಡುವಿನ ಬಳೆ ‘ಮೆಂಡಕ್’. ಹಿಡಿಯನ್ನು ಸೋಲೋದಲ್ಲಿ ‘ಜೆಜೆರಾನ್’, ಯೋಗ್ಯಕರ್ತಾದಲ್ಲಿ ‘ದೆದೆರ್’ ಎನ್ನುತ್ತಾರೆ. ಒರೆಯ ಮೇಲ್ಭಾಗ, ದೋಣಿಯಂತೆ ಅಗಲವಾದದ್ದು, ‘ವರಂಗ್ಕಾ’. ಕೆಳಗಿನ ಕೊಳವೆಯಂಥ ಭಾಗ ‘ಗಂಡಾರ್’, ಅದಕ್ಕೆ ತೊಡಿಸುವ ಲೋಹದ ಕವಚ ‘ಪೆಂಡೊಕ್’.

ಅಲಗಿನ ಆಕಾರಕ್ಕೆ ‘ಧಪುರ್’ ಎಂದು ಹೆಸರು. ನೂರಾರು ಧಪುರ್‌ಗಳಿವೆ, ಎಲ್ಲವೂ ಬಾಗಿದವಲ್ಲ. ಕೆರಿಸ್ ಎಂದರೆ ಹಾವಿನಂತೆ ಬಳುಕಿರಬೇಕು ಎಂಬುದು ಪ್ರವಾಸಿಗರ ಕಲ್ಪನೆ. ನೇರ ಅಲಗುಗಳು ಬೇಕಾದಷ್ಟಿವೆ. ಅವುಗಳಲ್ಲಿ ‘ತಿಲಮ್ ಉಪಿಹ್’ ಎಂಬುದು ಮನೆಮನೆಯ ಕೆರಿಸ್. ಉಪಿಹ್ ಎಂದರೆ ನಮ್ಮ ಅಡಿಕೆ ಹಾಳೆಯೇ, ತಿಲಮ್ ಎಂದರೆ ಹಾಸಿಗೆ. ಸಂಸಾರದ ನೆಮ್ಮದಿಯ ಸಂಕೇತ ಎಂದು ಅದನ್ನು ತಂದೆ ಮಗನಿಗೆ ಕೊಡುತ್ತಿದ್ದ. ‘ಬ್ರೊಜೊಲ್’ ಇನ್ನೂ ಸರಳ. ಶುರು ಮಾಡುವವರಿಗೆ ಈ ಎರಡಕ್ಕಿಂತ ಒಳ್ಳೆಯ ಪಾಠವಿಲ್ಲ. ಕೆತ್ತನೆ ಇಲ್ಲದ್ದರಿಂದ ಕಬ್ಬಿಣದ ಗುಣ, ಬೆಸುಗೆ, ರೇಖೆ ಎಲ್ಲ ಕಣ್ಣಿಗೆ ನೇರವಾಗಿ ಕಾಣುತ್ತವೆ.

ಬಾಗು ‘ಲುಕ್’. ಲುಕ್‌ಗಳ ಸಂಖ್ಯೆ ಯಾವಾಗಲೂ ಬೆಸ: 3, 5, 7, 9, 11, 13. ಹದಿಮೂರು ಮೀರಿದವನ್ನು ‘ಕಲವಿಜ’ ಎಂದು ಬೇರೆ ಸಾಲಿನಲ್ಲಿ ಇಡುತ್ತಾರೆ. ಬುಡದಿಂದ ಮೊನೆಯ ಕಡೆಗೆ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಎಂದು ಬೆರಳಿಟ್ಟು ಎಣಿಸಿ. ಸಮಸಂಖ್ಯೆ ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಸಮವೇ ಬಂದರೆ ಮೊನೆ ಮುರಿದು, ಅರದಿಂದ ತಿದ್ದಿ ಹೊಸ ಮೊನೆ ಮಾಡಿದ್ದಾರೆಯೇ ಎಂದು ನೋಡಬೇಕು. ಕೊನೆಯ ಎರಡು ಬಾಗುಗಳ ನಡುವಿನ ಅಂತರ ಉಳಿದವುಗಳ ಲಯಕ್ಕೆ ಹೊಂದದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಐದು ಲುಕ್‌ನ ಧಪುರ್‌ಗಳಲ್ಲಿ ಒಂದರ ಹೆಸರು ‘ಪಾಂಡವ’, ನೇರ ಅಲಗೊಂದರ ಹೆಸರು ‘ಪಸೊಪತಿ’, ಅಂದರೆ ಅರ್ಜುನನ ಪಾಶುಪತ. ಬುಡದಲ್ಲಿ ಮುಂದಕ್ಕೆ ಚಾಚಿ ಸುರುಳಿಯಾಗುವ ಕೊಕ್ಕೆ ಆನೆಯ ಸೊಂಡಿಲಿನಂತಿರುತ್ತದೆ, ಅದರ ಕೆಳಗಿನ ಪುಟ್ಟ ಮೊಳೆಗೆ ‘ಲಂಬೆ ಗಜಹ್’, ಆನೆಯ ತುಟಿ. ಕನ್ನಡಿಗರಿಗೆ ಈ ಶಬ್ದಗಳನ್ನು ನೆನಪಿಡುವುದು ಕಷ್ಟವಾಗಲಾರದು.

ಪಾಮೋರ್: ಅಲಗಿನ ಮೈಮೇಲಿನ ಚಿತ್ತಾರ

ಇಲ್ಲಿಯೇ ಹೆಚ್ಚು ಜನ ಮೋಸ ಹೋಗುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ‘ಉಕ್ಕು’ ಎಂಬ ಪದವೇ ಯುರೋಪಿಗೆ ಹೋಗಿ ‘ವೂಟ್ಜ್’ ಆಯಿತು ಎನ್ನುತ್ತಾರೆ. ಆ ಉಕ್ಕಿನ ಕತ್ತಿಗಳಲ್ಲೂ ನೀರಿನ ಅಲೆಯಂಥ ಗೆರೆಗಳಿರುವುದರಿಂದ ಕೆರಿಸ್‌ನ ಚಿತ್ತಾರವೂ ಅದೇ ಎಂದು ಕೆಲವರು ತಿಳಿಯುತ್ತಾರೆ. ಎರಡೂ ಬೇರೆ. ಮೂಸೆಯಲ್ಲಿ ಕರಗಿಸಿದ ಉಕ್ಕಿನ ಒಂದೇ ಗಟ್ಟಿ ನಿಧಾನವಾಗಿ ತಣಿಯುವಾಗ, ಆಮೇಲೆ ಬಡಿಯುವಾಗ, ಒಳಗಿನ ಕಬ್ಬಿಣದ ಕಾರ್ಬೈಡ್ ಹರಳುಗಳು ಸಾಲುಗಟ್ಟಿ ಆ ಗೆರೆಗಳು ಮೂಡುತ್ತವೆ. ಪಾಮೋರ್ ಹಾಗಲ್ಲ. ಸಾಧಾರಣ ಕಬ್ಬಿಣದ ಎರಡು ಪಟ್ಟಿಗಳ ನಡುವೆ ನಿಕಲ್ ಅಂಶವಿರುವ ಲೋಹವನ್ನಿಟ್ಟು, ಕಾಯಿಸಿ, ಬಡಿದು ಬೆಸೆದು, ಉದ್ದ ಮಾಡಿ, ಮಡಿಸಿ ಮತ್ತೆ ಬೆಸೆಯುತ್ತಾರೆ. ಪ್ರತಿ ಮಡಿಕೆಗೂ ಪದರ ಇಮ್ಮಡಿಯಾಗುತ್ತದೆ: ಆರು ಸಲ ಮಡಿಸಿದರೆ ಒಂದು ಪದರ 64 ಆಗುತ್ತದೆ, ಏಳು ಸಲ ಮಡಿಸಿದರೆ 128. ಹೀಗೆ ಸಿದ್ಧವಾದ ಗಟ್ಟಿಯನ್ನು ಎರಡಾಗಿ ಮಾಡಿ, ನಡುವೆ ಉಕ್ಕಿನ ತಿರುಳನ್ನಿಟ್ಟು ಬೆಸೆಯುತ್ತಾರೆ. ಆ ತಿರುಳೇ ‘ಸ್ಲೊರೊಕ್’. ಅಂಚು, ಮೊನೆ ಎರಡೂ ಅದರದ್ದೇ. ಪ್ರತಿ ಕಾವಿಗೂ ಕಬ್ಬಿಣ ಚಕ್ಕೆಯಾಗಿ ಉದುರುವುದರಿಂದ ಹಲವು ಕಿಲೋದಿಂದ ಶುರುವಾದದ್ದು ಮುಗಿಯುವಾಗ ಅರ್ಧ ಕಿಲೋಕ್ಕೂ ಕಡಿಮೆ ತೂಗುತ್ತದೆ.

ಈ ರಚನೆ ಮನಸ್ಸಿನಲ್ಲಿದ್ದರೆ ಪರೀಕ್ಷೆ ತಾನಾಗಿ ಹೊಳೆಯುತ್ತದೆ. ಅಲಗನ್ನು ಅಂಚಿನ ಕಡೆಯಿಂದ ನೋಡಿ. ನಿಜವಾದ ಪಾಮೋರ್‌ನಲ್ಲಿ ಚಿತ್ತಾರ ಅಂಚಿನ ಹತ್ತಿರ ಬಂದು ನಿಲ್ಲುತ್ತದೆ, ಅಲ್ಲಿಂದಾಚೆ ಉಕ್ಕಿನ ತಿರುಳು ಬೇರೆ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಅಲಗು ಇಳಿಜಾರಾದಲ್ಲೆಲ್ಲ ಪದರಗಳು ಕೊಯ್ದಂತೆ ಒಂದರ ಹಿಂದೊಂದು ತೆರೆದುಕೊಂಡಿರುತ್ತವೆ, ಹೊಂಡವಾದ ಕಡೆ ಗೆರೆಗಳು ಹೊಂಡದ ಆಕಾರ ಹಿಡಿದು ತಿರುಗುತ್ತವೆ. ಆಸಿಡ್‌ನಿಂದ ಬರೆದ ನಕಲಿಯಲ್ಲಿ ಗೆರೆ ಮೇಲ್ಮೈಯಲ್ಲಷ್ಟೇ ಇರುತ್ತದೆ. ಹೊಂಡವಿರಲಿ ದಿಬ್ಬವಿರಲಿ, ಕಾಗದಕ್ಕೆ ಅಚ್ಚೊತ್ತಿದ ಹಾಗೆ ಅದು ಒಂದೇ ಸಮನೆ ಹರಿಯುತ್ತದೆ, ಕೆಲವೊಮ್ಮೆ ಅಂಚಿನ ತುದಿಯವರೆಗೂ ಬಂದಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಜೇಬಿನಲ್ಲಿರಲಿ.

ಹೆಸರುಗಳು ಮುದ್ದಾಗಿವೆ. ‘ಬೆರಾಸ್ ವುತಹ್’ ಎಂದರೆ ಚೆಲ್ಲಿದ ಅಕ್ಕಿ, ಎಲ್ಲಕ್ಕಿಂತ ಸಾಮಾನ್ಯವಾದದ್ದು. ‘ಬ್ಲಾರಕ್ ಙಿರಿದ್’ ತೆಂಗಿನ ಗರಿಯ ಹಾಗೆ, ‘ಉದಾನ್ ಮಾಸ್’ ಚಿನ್ನದ ಮಳೆ, ಉಂಗುರದೊಳಗೆ ಉಂಗುರ. ಉದಾನ್ ಮಾಸ್‌ಗೆ ಸಂಪತ್ತು ತರುತ್ತದೆಂಬ ನಂಬಿಕೆ ಅಂಟಿಕೊಂಡಿರುವುದರಿಂದ ನಕಲಿ ಹೆಚ್ಚು ಇದರಲ್ಲೇ. ಅಸಲಿಯಲ್ಲಿ ಪ್ರತಿ ಉಂಗುರವೂ ಕೈಯ ಏಟಿನಿಂದ ಬಂದದ್ದು, ಒಂದಕ್ಕೊಂದು ಸ್ವಲ್ಪ ವ್ಯತ್ಯಾಸವಿರುತ್ತದೆ, ಸುತ್ತಲಿನ ಪದರಗಳೂ ಅದರ ಜೊತೆ ಬಾಗಿರುತ್ತವೆ. ಎಲ್ಲ ಉಂಗುರಗಳೂ ಒಂದೇ ಅಳತೆ, ನಡುವಿನ ಕಬ್ಬಿಣ ಬೋಳು ಎಂದರೆ ಕೈ ಹಿಂದೆ ತೆಗೆಯಿರಿ. ಪದರಗಳು ಅಲಗಿನ ಮೈಗೆ ಸಮಾಂತರವಾಗಿ ಮಲಗಿದ್ದರೆ ‘ಮ್ಲುಮಹ್’, ಮೈಗೆ ಲಂಬವಾಗಿ ನಿಂತಿದ್ದರೆ ‘ಮಿರಿಂಗ್’. ಎರಡನೆಯದು ಬೆಸೆಯಲು ಕಷ್ಟ, ಹಾಳಾಗುವುದು ಹೆಚ್ಚು, ಬೆಲೆಯೂ ಅದಕ್ಕೆ ತಕ್ಕಂತೆ.

ಉಲ್ಕೆಯ ಮಾತು. ಪ್ರಂಬನಾನ್ ದೇವಾಲಯಗಳ ಹತ್ತಿರ ಬಿದ್ದ ಉಲ್ಕೆಯ ತುಂಡುಗಳು 18ನೇ ಶತಮಾನದ ಕೊನೆಯ ಭಾಗದಲ್ಲಿ ಸುರಕರ್ತಾದ ಅರಮನೆ ಸೇರಿದವು, ಆಸ್ಥಾನದ ಎಂಪುಗಳು ಅದರಿಂದ ಪಾಮೋರ್ ಮಾಡಿದರು. ಇದು ನಿಜ. ಆದರೆ ಅದು ಅರಮನೆಯ ಸ್ವತ್ತು, ಸಿಕ್ಕಿದ್ದು ಆಸ್ಥಾನಕ್ಕೆ. ಉಳಿದ ಹಳೆಯ ಅಲಗುಗಳಲ್ಲಿ ಸುಲವೇಸಿ ದ್ವೀಪದ ಲುವು ಪ್ರದೇಶದ ನಿಕಲ್‌ಯುಕ್ತ ಕಬ್ಬಿಣ ಬಳಕೆಯಾಗಿದೆ. ಈಚಿನವುಗಳಲ್ಲಿ ಇರುವುದು ಯುರೋಪಿನಿಂದ ಬರತೊಡಗಿದ ಶುದ್ಧ ನಿಕಲ್. ಅದು ಕಣ್ಣು ಕುಕ್ಕುವ ಬಿಳುಪು, ಹಳೆಯ ಪಾಮೋರ್ ಅದಕ್ಕಿಂತ ಬೂದು, ಮಂಕು. ‘ಮಜಪಹಿತ್ ಕಾಲದ್ದು’ ಮತ್ತು ‘ಪ್ರಂಬನಾನ್ ಉಲ್ಕೆ’ ಎಂಬ ಎರಡನ್ನೂ ಒಂದೇ ಅಲಗಿಗೆ ಹೇಳಿದರೆ ಕಾಲದ ಲೆಕ್ಕವೇ ಕೂಡುವುದಿಲ್ಲ. ನಿಮಗೆ ಬಂದಿರುವ ವಿವರಣೆಯಲ್ಲಿ ಯಾವ ಉಲ್ಕೆ ಎಂದು ಬರೆದಿಲ್ಲ. ಕೇಳಿ ನೋಡಿ.

ವಯಸ್ಸು ಹೇಳುವ ಕಷ್ಟ

ಕಾಲ ನಿರ್ಣಯಕ್ಕೆ ಜಾವಾದವರು ಬಳಸುವ ಪದ ‘ತಂಗುಹ್’. ಅದರ ಅರ್ಥವೇ ಅಂದಾಜು. ಮಜಪಹಿತ್, ಪಜಜಾರಾನ್, ತುಬಾನ್, ಮತರಾಮ್, ಮದುರಾ, ಸುರಕರ್ತಾ ಹೀಗೆ ಒಂದೊಂದು ಶೈಲಿಗೂ ಒಂದೊಂದು ಹೆಸರು. ಗೊಂಜೊದ ಇಳಿಜಾರು, ಅಲಗು ಮುಂದಕ್ಕೆ ವಾಲಿರುವ ಪರಿ, ಕಬ್ಬಿಣದ ನಯ ಇವನ್ನು ನೋಡಿ ಹೇಳುವುದು. ‘ತಂಗುಹ್ ಮಜಪಹಿತ್’ ಎಂದರೆ ಆ ಮಾದರಿಯ ಅಲಗು ಎಂಬುದಷ್ಟೇ ಗಟ್ಟಿ, ಆ ಕಾಲದಲ್ಲೇ ಬಡಿದದ್ದೆಂಬ ದಾಖಲೆಯಲ್ಲ. ಸುರಕರ್ತಾದ ಎಂಪು ಹಳೆಯ ಮಾದರಿಯಲ್ಲೇ ಹೊಸದನ್ನು ಬಡಿದಿರಬಹುದು. ಅಲಗಿನ ಮೇಲೆಯೇ ಇಸವಿ ಇರುವ ಕೆರಿಸ್ ಎಷ್ಟು ಅಪರೂಪ ಎಂದರೆ, ಡಚ್ಚರ ‘ಕ್ನಾವ್ಡ್ ಕೆರಿಸ್’ ಒಂದು ಅದರಿಂದಲೇ ಜಗತ್ಪ್ರಸಿದ್ಧವಾಯಿತು. ಅದರಲ್ಲಿ ಕೊರೆದಿರುವುದು ಶಕ 1264, ನಮ್ಮ ಪಂಚಾಂಗದ ಅದೇ ಶಾಲಿವಾಹನ ಶಕೆ, ಅಂದರೆ ಕ್ರಿ.ಶ. 1342. ಅಲಗಿನ ಮೇಲೆ ತೆಳು ತಾಮ್ರದ ಹೊದಿಕೆ, ಅದರಲ್ಲಿ ರಾಮಾಯಣದ ದೃಶ್ಯಗಳು. ಅದು ಆಮ್‌ಸ್ಟರ್‌ಡ್ಯಾಮಿನ ಟ್ರೋಪೆನ್ ಮ್ಯೂಸಿಯಮ್ಮಿನಲ್ಲಿ (ಈಗಿನ ವೆರೆಲ್ಡ್ ಮ್ಯೂಸಿಯಮ್) ಪ್ರದರ್ಶನಗೊಂಡಿತ್ತು.

ಹಳತಾಗಿಸಿದ ಹೊಸ ಅಲಗನ್ನು ಗುರುತಿಸುವುದು ಕಾಲ ನಿರ್ಣಯಕ್ಕಿಂತ ಸುಲಭ. ಶತಮಾನಗಳ ಕಾಲ ನಿಂಬೆರಸದಲ್ಲಿ ತೊಳೆಸಿಕೊಂಡ ಅಲಗು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ತೆಳುವಾದ ಅಂಚು ಹೆಚ್ಚು, ಬುಡದ ದಪ್ಪ ಭಾಗ ಕಡಿಮೆ. ಮೆತ್ತನೆಯ ಕಬ್ಬಿಣ ಹೆಚ್ಚು, ನಿಕಲ್ ಕಡಿಮೆ. ಹಾಗಾಗಿ ಪಾಮೋರ್ ಸವೆಯದೆ ಉಳಿದು ಬೆರಳಿಗೆ ಏಣಿನಂತೆ ತಾಗುತ್ತದೆ, ಕುಳಿಗಳ ದಂಡೆ ದುಂಡಾಗಿರುತ್ತದೆ. ಆಸಿಡ್‌ನಲ್ಲಿ ಮುಳುಗಿಸಿಟ್ಟದ್ದರಲ್ಲಿ ಕುಳಿಗಳು ಎಲ್ಲೆಡೆ ಒಂದೇ ಆಳ, ದಂಡೆ ಚೂಪು, ಅಲಗು ದಪ್ಪವಾಗಿದ್ದೂ ಮೈ ಮಾತ್ರ ಜರ್ಜರಿತ. ಗೊಂಜೊದ ಅಡಿಯನ್ನೂ ಪೆಸಿಯನ್ನೂ ನೋಡಲೇಬೇಕು. ಹಿಡಿಯೊಳಗೆ ಅಡಗಿದ್ದ ಪೆಸಿಯ ಮೇಲೆ ಅರದ ಹೊಸ ಗೆರೆ ಹೊಳೆಯುತ್ತಿದ್ದರೆ, ಅಥವಾ ಪೆಸಿಗೆ ವಿದ್ಯುತ್ ಬೆಸುಗೆಯ ಗಂಟು ಇದ್ದರೆ, ಮಾತು ಅಲ್ಲಿಗೆ ನಿಂತಿತು. ಮುರಿದ ಪೆಸಿಗೆ ಜೋಡಣೆ ಮಾಡುವುದು ಹಳೆಯ ಪದ್ಧತಿಯೇ, ಅದು ಮೋಸವಲ್ಲ. ಹೇಳದೆ ಮಾರುವುದು ಮೋಸ.

ಗೊಂಜೊ ಅಲಗಿಗೆ ಒಂದು ಕೂದಲೂ ತೂರದಂತೆ ಕೂತಿರಬೇಕು. ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ತೂರಿದರೆ, ಅಥವಾ ಗೊಂಜೊದ ಕಬ್ಬಿಣ ಅಲಗಿನದಕ್ಕಿಂತ ಬೇರೆ ಬಣ್ಣದ್ದಾಗಿದ್ದರೆ, ಅದು ಆಮೇಲೆ ಹಾಕಿದ್ದು. ಬೆಲೆ ಇಳಿಸಿ ಕೇಳಲು ಇದು ನ್ಯಾಯವಾದ ಕಾರಣ.

ಇನ್ನೊಂದು ದೋಷ ‘ಪೆಗಾತ್ ವಾಜಾ’: ಉಕ್ಕಿನ ತಿರುಳಿಗೂ ಪಾಮೋರ್ ಪದರಕ್ಕೂ ನಡುವಿನ ಬೆಸುಗೆ ಬಿಟ್ಟು, ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಸೀಳು. ಎಣ್ಣೆ ಸವರಿದ ಅಲಗಿನಲ್ಲಿ ಇದು ಕಾಣುವುದೇ ಇಲ್ಲ. ಒಣಬಟ್ಟೆಯಲ್ಲಿ ಒರೆಸಲು ಹೇಳಿ, ಎರಡು ನಿಮಿಷ ಕಾಯಿರಿ. ಸೀಳಿದ್ದರೆ ಒಳಗಿನಿಂದ ಎಣ್ಣೆ ಗೆರೆಯಾಗಿ ಒಸರುತ್ತದೆ. ಅಂಥದ್ದನ್ನು ಕೊಳ್ಳಬೇಡಿ, ನೀರು ಹೊಕ್ಕು ಒಳಗಿಂದೊಳಗೇ ತುಕ್ಕು ತಿನ್ನುತ್ತದೆ.

ಚಿನ್ನದ ಕೆಲಸ ‘ಕಿನತಹ್’. ಮೊದಲು ಕಬ್ಬಿಣದಲ್ಲೇ ಎಲೆ, ಬಳ್ಳಿ, ನಾಗನನ್ನು ಉಬ್ಬಾಗಿ ಕೆತ್ತಿ, ಆಮೇಲೆ ಚಿನ್ನವನ್ನು ಅದರ ಮೇಲೆ ಬಡಿದು ಕೂರಿಸುವುದು ಕ್ರಮ. ಸವೆದ ಜಾಗದಲ್ಲಿ ಅಡಿಯ ಕೆತ್ತನೆ ಕಾಣಿಸಬೇಕು. ಬೋಳು ಮೈಗೆ ಹಳದಿ ಲೇಪವಷ್ಟೇ ಇದ್ದರೆ ಅದು ವಿದ್ಯುತ್ ಲೇಪನ ಅಥವಾ ಬಣ್ಣ. ಹಳೆಯ ಬಡಪಾಯಿ ಅಲಗಿಗೆ ಹೊಸದಾಗಿ ನಾಗನ ತಲೆ ಕೊರೆದು ಚಿನ್ನ ಹಚ್ಚಿ ‘ನಾಗಸಸ್ರ’ (ನಾಗನಿರುವ ಧಪುರ್) ಎಂದು ಮಾರುವುದೂ ಉಂಟು. ಅಲಗೆಲ್ಲ ಸವೆದಿದ್ದು ನಾಗನ ಕಣ್ಣು, ಹೆಡೆ ಮಾತ್ರ ಮೊನಚಾಗಿದ್ದರೆ ವಿಷಯ ತಾನೇ ಗೊತ್ತಾಗುತ್ತದೆ.

ನೀವು ಕಳಿಸಿದ ಫೋಟೊಗಳು ತೀರ್ಪು ಹೇಳಲು ಸಾಲವು. ಮಾರುವವರಿಂದ ಇವನ್ನು ಕೇಳಿ: ಎಣ್ಣೆ ಒರೆಸಿದ ಅಲಗಿನ ಎರಡೂ ಮಗ್ಗುಲು, ಪಕ್ಕದಲ್ಲಿ ಅಳತೆಪಟ್ಟಿ, ಬುಡದ ಸಮೀಪದ ನೋಟ, ಎರಡೂ ಕಡೆ, ಹಿಡಿ ತೆಗೆದು ಗೊಂಜೊದ ಅಡಿ ಮತ್ತು ಪೂರ್ತಿ ಪೆಸಿ, ಅಂಚಿನ ಕಡೆಯಿಂದ ಬುಡದಿಂದ ಮೊನೆಯವರೆಗೆ ಒಂದೇ ಚಿತ್ರ, ಮೊನೆಯ ಸಮೀಪ ನೋಟ, ಒರೆಯ ಬಾಯಿ. ಹಿಡಿ ತೆಗೆಯಲು ಒಪ್ಪದವರಿಂದ ದೂರದಿಂದ ಕೊಳ್ಳಬೇಡಿ.

ಒರೆ ಮತ್ತು ಹಿಡಿ

ಅಲಗಿಗಿಂತ ಒರೆ ಹೊಸದಾಗಿರುವುದು ದೋಷವಲ್ಲ. ನಾವು ದೇವರ ಮೂರ್ತಿಗೆ ಸೀರೆ ಬದಲಿಸುವಷ್ಟೇ ಸಹಜವಾಗಿ ಅವರು ಕೆರಿಸ್‌ಗೆ ಹೊಸ ಒರೆ ತೊಡಿಸುತ್ತಾರೆ. ಆದರೆ ಸೋಲೋ ಮತ್ತು ಯೋಗ್ಯಕರ್ತಾ ಎರಡರ ಉಡುಪನ್ನೂ ಬೆರೆಸಬಾರದು. ಸಮಾರಂಭಕ್ಕೆ ಧರಿಸುವ, ಎರಡು ತುದಿ ಚಾಚಿದ ಒರೆ ಸೋಲೋದಲ್ಲಿ ‘ಲದ್ರಂಗ್’, ಯೋಗ್ಯಕರ್ತಾದಲ್ಲಿ ಸ್ವಲ್ಪ ಚಿಕ್ಕದಾದ ‘ಬ್ರಂಗ್ಗಹ್’. ದಿನಬಳಕೆಯ ದುಂಡನೆಯದು ಎರಡೂ ಕಡೆ ‘ಗಯಾಮಾನ್’. ಸೋಲೋದ ಒರೆಗೆ ಯೋಗ್ಯಕರ್ತಾದ ಹಿಡಿ ಕೂರಿಸಿದ್ದರೆ ಅಂಗಡಿಯಲ್ಲಿ ಸಿಕ್ಕಸಿಕ್ಕದ್ದನ್ನು ಜೋಡಿಸಿದ್ದಾರೆ ಎಂದರ್ಥ. ಮರಗಳಲ್ಲಿ ಕಪ್ಪು ಮಚ್ಚೆಗಳ ‘ತಿಮೊಹೊ’ ಅತಿ ಬೆಲೆಯದ್ದು, ಶ್ರೀಗಂಧವೂ ಮೆಚ್ಚಿನದು. ತಿಮೊಹೊದ ಮಚ್ಚೆಯನ್ನು ಬಣ್ಣದಲ್ಲಿ ಬರೆಯುವವರಿದ್ದಾರೆ, ಆದ್ದರಿಂದ ಒರೆಯ ಬಾಯೊಳಗೆ ಇಣುಕಿ ಮಚ್ಚೆ ಒಳಗೂ ಮುಂದುವರಿದಿದೆಯೇ ನೋಡಿ. ಅಲಗು ಒರೆಯೊಳಗೆ ಅಲ್ಲಾಡಿ ಸದ್ದು ಮಾಡಬಾರದು, ಗೊಂಜೊ ಒರೆಯ ಬಾಯಿಯ ಕುಳಿಯಲ್ಲಿ ಪೂರ್ತಿ ಕೂರಬೇಕು. ಹಿಡಿಯನ್ನು ಅಂಟು ಹಾಕಿ ಕೂರಿಸುವ ಪದ್ಧತಿ ಜಾವಾದಲ್ಲಿಲ್ಲ, ಪೆಸಿಗೆ ಬಟ್ಟೆ ಅಥವಾ ಕೂದಲು ಸುತ್ತಿ ಬಿಗಿ ಮಾಡುತ್ತಾರೆ. ಅಂಟು ಕಂಡರೆ ಪೆಸಿಯಲ್ಲಿ ಮುಚ್ಚಿಡುವಂಥದ್ದೇನೋ ಇದೆ ಎಂದು ಭಾವಿಸಿ.

ಅಂಗಡಿಯಲ್ಲಿ

ಹೋದ ದಿನವೇ ಕೊಳ್ಳಬೇಡಿ. ಮೊದಲ ಎರಡು ದಿನ ನೋಡುವುದಕ್ಕೇ ಇರಲಿ. ಯೋಗ್ಯಕರ್ತಾದಲ್ಲಿ 1935ರಲ್ಲಿ ತೆರೆದ ಸೊನೊಬುದೊಯೊ ಮ್ಯೂಸಿಯಮ್ ಇದೆ. ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಸೋಲೋದಲ್ಲಿ 2017ರಲ್ಲಿ ಶುರುವಾದ ನುಸಂತರ ಕೆರಿಸ್ ಮ್ಯೂಸಿಯಮ್ ಇದೆ. ಸಮಯವಿದ್ದರೆ ಸೋಲೋದ ಪೂರ್ವಕ್ಕೆ ಲಾವು ಬೆಟ್ಟದ ಮೈಯಲ್ಲಿರುವ, 15ನೇ ಶತಮಾನದ ಸುಕುಹ್ ದೇವಾಲಯಕ್ಕೆ ಹೋಗಿ. ಅಲ್ಲಿನ ಉಬ್ಬುಶಿಲ್ಪವೊಂದರಲ್ಲಿ ಭೀಮ ಕುಲುಮೆಯಲ್ಲಿ ಅಲಗು ಬಡಿಯುತ್ತಿದ್ದಾನೆ, ಅರ್ಜುನ ತಿದಿ ಒತ್ತುತ್ತಿದ್ದಾನೆ, ನಡುವೆ ಗಣೇಶ ಕುಣಿಯುತ್ತಿದ್ದಾನೆ. ಕಮ್ಮಾರಿಕೆಯನ್ನು ಆ ಜನ ಎಷ್ಟು ಪವಿತ್ರವೆಂದು ತಿಳಿದಿದ್ದರೋ ಆ ಕಲ್ಲಿನಲ್ಲಿ ಕಾಣುತ್ತದೆ.

ಒಳ್ಳೆಯ ಒರೆ, ಪೆಂಡೊಕ್ ಬೇಕಿದ್ದರೆ ಯೋಗ್ಯಕರ್ತಾದ ದಕ್ಷಿಣಕ್ಕೆ ಇಮೊಗಿರಿ ಬಳಿಯ ಬಞುಸುಮುರುಪ್ ಊರು ಆ ಕೆಲಸಕ್ಕೆ ಹೆಸರಾದದ್ದು. ಸೋಲೋದ ತ್ರಿವಿಂದು ಹಳೇ ಸಾಮಾನಿನ ಸಂತೆ ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಲು ಒಳ್ಳೆಯದು. ಮೊದಲ ಖರೀದಿಗೆ ಆ ಜಾಗವನ್ನು ನಾನು ಸೂಚಿಸುವುದಿಲ್ಲ.

ಕೆರಿಸ್ಸನ್ನು ಕೇಳದೆ ಒರೆಯಿಂದ ಎಳೆಯಬಾರದು. ‘ನುವುನ್ ಸೆವು’ ಎಂದು ಅನುಮತಿ ಕೇಳಿ. ಎಡಗೈಯಲ್ಲಿ ಒರೆ, ಬಲಗೈಯಲ್ಲಿ ಹಿಡಿ, ಎಡ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ ಸಡಿಲಿಸಿ, ನಿಧಾನವಾಗಿ ಹೊರತೆಗೆದು ಒಮ್ಮೆ ಹಣೆಯೆತ್ತರಕ್ಕೆ ಎತ್ತುತ್ತಾರೆ. ಮೊನೆ ಯಾರ ಕಡೆಗೂ ತಿರುಗಬಾರದು, ಅಲಗಿಗೆ ಬೆರಳು ತಾಗಬಾರದು. ಬೆವರಿನ ಉಪ್ಪಿನಿಂದ ಮರುದಿನವೇ ತುಕ್ಕಿನ ಚುಕ್ಕೆ ಬರುತ್ತದೆ. ಬೆಲೆ ಎನ್ನುವ ಬದಲು ಅವರು ‘ಮಹರ್’ ಅಥವಾ ‘ಮಾಸ್ ಕಾವಿನ್’ ಎನ್ನುತ್ತಾರೆ, ವಧುವಿಗೆ ಕೊಡುವ ಕಾಣಿಕೆಯ ಹೆಸರು ಅದು. ಚೌಕಾಸಿ ಮಾಡಬಹುದು, ಆದರೆ ಅಲಗನ್ನು ಹೀಗಳೆದು ಮಾಡಬೇಡಿ.

ಕೆಲವರು ಅಲಗಿಗೆ ‘ಇಸಿ’ ಇದೆ, ಒಳಗೆ ಶಕ್ತಿ ವಾಸವಾಗಿದೆ ಎಂದು ಹೇಳುತ್ತಾರೆ. ಇದು ಜಾವಾದ ಜನರ ಆಳವಾದ ಭಾವನೆ, ಗೌರವದಿಂದ ಕೇಳಿಸಿಕೊಳ್ಳಿ. ಆದರೆ ಅದಕ್ಕೆಂದು ಹೆಚ್ಚು ಹಣ ಕೊಡಬೇಡಿ. ಮೊನೆಯ ಮೇಲೋ ಹಿಡಿಯ ಮೇಲೋ ಕೆರಿಸ್ ತಾನೇ ನಿಲ್ಲುವುದನ್ನು ತೋರಿಸಿದರೆ ಅದು ತೂಕದ ಸಮತೋಲನ, ಅಷ್ಟೇ. ರಸೀದಿಯಲ್ಲಿ ಧಪುರ್, ಪಾಮೋರ್, ಅಲಗಿನ ಉದ್ದ, ಎಂಪುವಿನ ಹೆಸರು, ವರ್ಷ ಬರೆಸಿಕೊಳ್ಳಿ. ಕಸ್ಟಮ್ಸ್‌ನವರಿಗೂ, ಪರಂಪರೆ ಕಚೇರಿಗೂ, ಮುಂದೆ ನಿ‌ಮ್ಮಿಂದ ಕೊಳ್ಳುವವರಿಗೂ ಬೇಕಾದ ಕಾಗದ ಅದು.

ಮನೆಯಲ್ಲಿ ಇಡುವುದು

ಜಾವಾದ ಪಂಚಾಂಗದ ಮೊದಲ ತಿಂಗಳಾದ ಸುರೊದಲ್ಲಿ ಕೆರಿಸ್ ತೊಳೆಯುವ ‘ಜಮಸಾನ್’ ನಡೆಯುತ್ತದೆ. ತುಕ್ಕು ತೆಗೆದು ಅಲಗನ್ನು ಬೆಳ್ಳಗೆ ಮಾಡಿದ ಮೇಲೆ ‘ವರಂಗಾನ್’ ಹಚ್ಚುತ್ತಾರೆ: ಪಾಷಾಣವನ್ನು ನಿಂಬೆರಸದಲ್ಲಿ ಕದಡಿದ ದ್ರವ. ಕಬ್ಬಿಣ ಕಪ್ಪಾಗುತ್ತದೆ, ನಿಕಲ್ ಆಗುವುದಿಲ್ಲ, ಪಾಮೋರ್ ಎದ್ದು ಕಾಣುತ್ತದೆ. ನಮ್ಮ ಹಳ್ಳಿ ಅಂಗಡಿಯ ಹರಿತಾಳ, ಮಣಿಶಿಲೆ ಅದೇ ಪಾಷಾಣ ಕುಲದವು ಎಂದು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಅದು ಆರ್ಸೆನಿಕ್, ಪ್ರಾಣಕ್ಕೇ ಅಪಾಯ. ಅಲ್ಲಿಂದ ಹೊರಡುವ ಮೊದಲೇ ಬಲ್ಲವರಿಂದ ಮಾಡಿಸಿಕೊಂಡು ಬನ್ನಿ, ಚೆನ್ನಾಗಿಟ್ಟುಕೊಂಡರೆ ಹಲವು ವರ್ಷ ಮತ್ತೆ ಬೇಕಾಗುವುದಿಲ್ಲ. ಅಲಗು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಪಾಷಾಣದ ಬದಲು ಫೆರಿಕ್ ಕ್ಲೋರೈಡ್ ಬಳಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಪದರಗಳನ್ನೇ ತಿಂದುಹಾಕುತ್ತದೆ.

ದಿನನಿತ್ಯದ ಆರೈಕೆಗೆ ಬೇಕಾದ್ದು ಎಣ್ಣೆಯೊಂದೇ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಬೇಡ. ಗಾಳಿಗೆ ಅಂಟಾಗಿ ಧೂಳು ಹಿಡಿದು, ಅದರಡಿಯಲ್ಲೇ ತುಕ್ಕು ಹುಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಖನಿಜ ತೈಲ 50 ಮಿಲಿಗೆ ಗಂಧದೆಣ್ಣೆ ನಾಲ್ಕೈದು ಹನಿ ಬೆರೆಸಿ. ಸುವಾಸನೆಯ ಆ ಸಂಪ್ರದಾಯವೂ ಉಳಿಯುತ್ತದೆ. ಮೆತ್ತನೆಯ ಕುಂಚದಲ್ಲಿ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಹತ್ತಿಬಟ್ಟೆಯಿಂದ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಎಣ್ಣೆ ಸುರಿಯುವ ಅಲಗನ್ನು ಒರೆಗೆ ಹಾಕಿದರೆ ಮರ ಎಣ್ಣೆ ಕುಡಿದು ಕಪ್ಪಾಗುತ್ತದೆ, ಒಳಗೆ ಜಿಡ್ಡು ಕಟ್ಟುತ್ತದೆ. ಬೆಂಗಳೂರಿನಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ತೆರೆದು ನೋಡಿದರೆ ಸಾಕು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಬೇಕು. ಹತ್ತಿಬಟ್ಟೆಯ ಚೀಲ, ಅದರೊಂದಿಗೆ ಸಿಲಿಕಾ ಜೆಲ್ ಪೊಟ್ಟಣ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ.

ಅಲ್ಲಲ್ಲಿ ಕೆಂಪು ತುಕ್ಕು ಕಂಡರೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬಿದಿರಿನ ಕಡ್ಡಿಯ ತುದಿಯಿಂದ ಮೆಲ್ಲಗೆ ಉಜ್ಜಿ. ಸ್ಯಾಂಡ್‌ಪೇಪರ್, ತಂತಿಯ ಬ್ರಷ್ ಬೇಡವೇ ಬೇಡ, ವರಂಗಾನ್ ಕಿತ್ತುಹೋಗುತ್ತದೆ. ಅಲಗೆಲ್ಲ ತುಕ್ಕು ಹಿಡಿದಿದ್ದರೆ ಮಾತ್ರ ತೊಳೆಯುವ ಕೆಲಸ. ಹಿಡಿ ಯಾವ ಕಡೆ ಮುಖ ಮಾಡಿದೆ ಎಂದು ಗುರುತು ಹಾಕಿ, ಅತ್ತಿತ್ತ ಸ್ವಲ್ಪ ತಿರುಗಿಸುತ್ತಾ ಎಳೆದು ತೆಗೆಯಿರಿ. ಒಂದು ಕಡೆ ಮುಚ್ಚಿದ ಪಿವಿಸಿ ಕೊಳವೆಗೆ ಬಲಿತ ತೆಂಗಿನಕಾಯಿಯ ನೀರು ತುಂಬಿ ಅಲಗನ್ನು ನಿಲ್ಲಿಸಿ. ದಿನಕ್ಕೊಮ್ಮೆ ತೆಗೆದು, ಬಿಸಿನೀರಿನಲ್ಲಿ ನೆನೆಸಿದ ಅಂಟುವಾಳದ ನೊರೆ ಮತ್ತು ನಿಂಬೆಹೋಳಿನಿಂದ ಹಲ್ಲುಜ್ಜುವ ಮೆತ್ತನೆಯ ಬ್ರಷ್‌ನಲ್ಲಿ ತಿಕ್ಕಿ ನೋಡಿ. ಎರಡು-ಮೂರು ದಿನಕ್ಕೆ ತುಕ್ಕು ಬಿಡದಿದ್ದರೆ ನಿಲ್ಲಿಸಿ, ಹೆಚ್ಚು ದಿನ ಬಿಟ್ಟರೆ ಹುಳಿ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಜಾವಾದವರು ಬಳಸುವುದೂ ತೆಂಗಿನನೀರು, ನಿಂಬೆ, ಅಂಟುವಾಳದ ಅಣ್ಣತಮ್ಮನಾದ ‘ಲೆರಕ್’ ಕಾಯಿಯನ್ನೇ. ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒತ್ತಿ, ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದು, ಗೊಂಜೊದ ಸಂದಿಯ ನೀರೆಲ್ಲ ಆರಿದ ಮೇಲೆ ಎಣ್ಣೆ ಹಚ್ಚಿ. ಇದಾದ ಮೇಲೆ ಪಾಮೋರ್ ಮಸುಕಾಗಿರುತ್ತದೆ. ಮತ್ತೆ ಜಾವಾಕ್ಕೆ ಹೋದಾಗ ವರಂಗಾನ್ ಮಾಡಿಸುವವರೆಗೆ ಅದು ಹಾಗೆಯೇ ಬೆಳ್ಳಗಿರಲಿ.